ವೆಸ್ಟ್ ಹೈಲ್ಯಾಂಡ್ ವೇ ನಡೆಯಿರಿ, ಆದರೆ ಏಳು ದಿನದಲ್ಲಿ ಬೇಡ

ಮೊದಲೇ ಹೇಳಿಬಿಡುತ್ತೇನೆ. ದಾರಿ ತುಂಬಾ ಚೆನ್ನಾಗಿದೆ, ಕಾಲು ಗಟ್ಟಿ ಇರುವಾಗಲೇ ಹೋಗಿ ಬನ್ನಿ. ಆದರೆ ಎಲ್ಲರೂ ಹೇಳುವ ಏಳು ದಿನದ ಲೆಕ್ಕ ಹಿಡಿದುಕೊಂಡು ಹೋಗಬೇಡಿ. ಎಂಟು ದಿನವಾದರೂ ಇಟ್ಟುಕೊಳ್ಳಿ. ಜೊತೆಯಲ್ಲಿ ವಯಸ್ಸಾದವರು ಇದ್ದರೆ, ಇಲ್ಲವೇ ಮುಂದೆ ಹೇಳುವ ಎರಡೂ ಕಡೆ ಒಂದೊಂದು ರಾತ್ರಿ ಹೆಚ್ಚಿಗೆ ಉಳಿಯುವುದಾದರೆ ಒಂಬತ್ತು. ಈ ದಾರಿಯಲ್ಲಿ ಅತಿ ಚೆಂದದ ಎರಡು ಜಾಗಗಳಿವೆ, ಏಳು ದಿನಕ್ಕೆ ಮುಗಿಸುವವರು ಆ ಎರಡೂ ಕಡೆ ಗಡಿಯಾರ ನೋಡಿಕೊಂಡು ಓಡುತ್ತಾರೆ. ಅದನ್ನು ಕಣ್ಣಾರೆ ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ಮಲ್‌ಗೈ ಎಂಬ ಊರಿನಿಂದ ಉತ್ತರದ ಫೋರ್ಟ್ ವಿಲಿಯಂವರೆಗೆ ಹೋಗುವ ಕಾಲುದಾರಿ. ಉದ್ದ 154 ಕಿಲೋಮೀಟರ್, ಅವರ ಲೆಕ್ಕದಲ್ಲಿ 96 ಮೈಲಿ. 1980ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆ ದೇಶದಲ್ಲಿ ಅಧಿಕೃತವಾಗಿ ಗುರುತಿಸಿದ ಮೊದಲ ದೂರದ ಕಾಲುದಾರಿ ಇದೇ. ನಡೆಯಲು ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ, ಗೈಡ್ ಬೇಕಿಲ್ಲ. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಹೋಗಲು ಆನ್‌ಲೈನ್‌ನಲ್ಲಿ ಬುಕಿಂಗ್ ಮಾಡಿ ಅಭ್ಯಾಸವಾದವರಿಗೆ ಇದು ಮೊದಲು ನಂಬಿಕೆಯೇ ಆಗಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯಿದೆ ಪ್ರಕಾರ, ಜಮೀನು ಖಾಸಗಿಯವರದ್ದಾದರೂ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚಿನ ಕಡೆ ಯಾರು ಬೇಕಾದರೂ ಓಡಾಡಬಹುದು. ಈ ದಾರಿಯೂ ಸಾಕಷ್ಟು ದೂರ ಖಾಸಗಿ ಎಸ್ಟೇಟ್‌ಗಳ ಮೇಲೆಯೇ ಹೋಗುತ್ತದೆ. ಗೇಟು ತೆಗೆದು ಒಳಗೆ ಹೋಗಿ, ಮತ್ತೆ ಚಿಲಕ ಹಾಕಿದರೆ ಆಯ್ತು.

ಜೊತೆಗೆ ಬಂದವಳು ನಮ್ಮಕ್ಕ. ತೀರ್ಥಹಳ್ಳಿ ಕಡೆಯವಳು, ಐವತ್ತು ದಾಟಿದೆ, ಅಡಿಕೆ ತೋಟದಲ್ಲಿ ದಿನಾ ಏರಿಳಿಯುವ ಕಾಲು. ಟ್ರೆಕ್ಕಿಂಗ್ ಅಂತ ಹೇಳಿಕೊಂಡು ಎಲ್ಲೂ ಹೋದವಳಲ್ಲ. ನಾನು ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವಳು. ಇಬ್ಬರೂ ಸಸ್ಯಾಹಾರಿಗಳು. ನಾವು ಹೋಗಿದ್ದು ಮೇ ತಿಂಗಳಲ್ಲಿ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಟರ್‌ನೆಟ್‌ನಲ್ಲಿ ಸಿಗುವ ವಿಮರ್ಶೆಗಳಲ್ಲಿ ಜಾಸ್ತಿ ಪಾಲು ಗಟ್ಟಿಮುಟ್ಟಾದ, ಮಾಂಸ ತಿನ್ನುವ, ಟೆಂಟು ಹೊತ್ತು ನಡೆಯುವ ಹುಡುಗರದ್ದು. ನಮ್ಮಂಥವರಿಗೆ ಬೇಕಾದ ಮಾಹಿತಿ ಅಲ್ಲಿ ಸಿಗಲ್ಲ.

ಮೊದಲ ದಿನ ಮಲ್‌ಗೈಯಿಂದ ಡ್ರಿಮೆನ್‌ಗೆ ಸುಮಾರು 19 ಕಿಲೋಮೀಟರ್. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಊರ ಮಧ್ಯದ ಕಲ್ಲುಕಂಬದಿಂದ ಹೊರಟು, ಕಾಡು ದಾಟಿ, ಹಳೆಯ ರೈಲು ಹಳಿ ಇದ್ದ ಜಾಗದ ಮೇಲೆ ನೆಟ್ಟಗೆ ನಡೆಯುವುದು. ಸಮತಟ್ಟು. ಪಕ್ಕದಲ್ಲೇ ಗ್ಲೆನ್‌ಗಾಯ್ನ್ ವಿಸ್ಕಿ ಕಾರ್ಖಾನೆ ಸಿಗುತ್ತದೆ, ಬೇಕಾದವರು ಅಲ್ಲಿ ನಿಲ್ಲುತ್ತಾರೆ. ಹೊಸ ಬೂಟು ಕಚ್ಚುತ್ತದೋ ಇಲ್ಲವೋ ಅಂತ ತಿಳಿಯಲು ಒಳ್ಳೆಯ ದಿನ, ಅಷ್ಟೇ.

ಎರಡನೇ ದಿನ ಕಾನಿಕ್ ಹಿಲ್. ಎತ್ತರ ಬರೀ 361 ಮೀಟರ್, ಅದರಲ್ಲೂ ದಾರಿ ತುದಿಗೆ ಹೋಗದೆ ಸ್ವಲ್ಪ ಕೆಳಗೇ ಸುತ್ತಿಕೊಂಡು ಹೋಗುತ್ತದೆ. ಆದರೆ ನೀವು ತುದಿಗೆ ಹತ್ತಿಯೇ ಹತ್ತಿ, ಹತ್ತು ನಿಮಿಷದ ಕೆಲಸ. ಕೆಳಗೆ ಲಾಕ್ ಲೋಮಂಡ್ ಸರೋವರ, ಅದರಲ್ಲಿ ಸಾಲಾಗಿ ದ್ವೀಪಗಳು. ನೀವು ನಿಂತಿರುವ ಗುಡ್ಡದ ಬೆನ್ನು ಮತ್ತು ಆ ದ್ವೀಪಗಳು ಒಂದೇ ಗೆರೆಯಲ್ಲಿ ಬರುತ್ತವೆ. ಅದು ಹೈಲ್ಯಾಂಡ್ ಬೌಂಡರಿ ಫಾಲ್ಟ್, ಅಂದರೆ ಭೂಮಿ ಬಿರುಕು ಬಿಟ್ಟ ಗೆರೆ. ಗೆರೆಯ ಈಚೆಗೆ ಸ್ಕಾಟ್ಲೆಂಡಿನ ತಗ್ಗು ನಾಡು, ಆಚೆಗೆ ಬೆಟ್ಟಗಳ ನಾಡು. ಶಾಲೆಯಲ್ಲಿ ಭೂಗೋಳ ಓದುವಾಗ ಇಂಥದ್ದನ್ನು ಒಂದು ಸಲ ತೋರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈ ಗುಡ್ಡದ ಮೇಲೆ ಅಕ್ಕ ಗಮನಿಸಿದ್ದು ಬೇರೆಯದೇ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಚಪ್ಪಡಿ ಕಲ್ಲುಗಳನ್ನು ಅಂಚು ಮೇಲೆ ಮಾಡಿ ಹೂತಿದ್ದಾರೆ. ಕಲ್ಲಿನ ಮೇಲುಬದಿಗೆ ಒಂದು ಗೇಣು ಅಗಲದ ಸಣ್ಣ ಕಾಲುವೆ, ಅದಕ್ಕೂ ತಳದಲ್ಲಿ ಕಲ್ಲು ಹಾಸಿದೆ. ಮೇಲಿಂದ ಹರಿದು ಬಂದ ಮಳೆನೀರು ಆ ಕಲ್ಲಿಗೆ ತಾಗಿ ಪಕ್ಕದ ಹುಲ್ಲಿಗೆ ಹೋಗುತ್ತದೆ, ದಾರಿ ಕೊಚ್ಚಿ ಹೋಗಲ್ಲ. ಸ್ವಲ್ಪ ಮೇಲೆ ಹೋದರೆ ಮತ್ತೊಂದು. ಕಡಿದಾದ ಕಡೆ ಹತ್ತಿರ ಹತ್ತಿರ, ಇಳಿಜಾರು ಕಮ್ಮಿಯಾದ ಕಡೆ ದೂರ ದೂರ. ಅಕ್ಕ ಕೂತು, ಒಂದು ಕಾಲುವೆಯಲ್ಲಿ ಸಿಕ್ಕಿಕೊಂಡಿದ್ದ ಎಲೆ ಮಣ್ಣನ್ನು ಕೋಲಿನಿಂದ ಬಿಡಿಸಿದಳು, ನೀರು ಸರಾಗ ಹೋಯ್ತು. "ಮಳೆ ಗೊತ್ತಿದ್ದವರು ಮಾಡಿದ ಕೆಲಸ ಕಣೇ ಇದು" ಅಂದಳು. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಎಷ್ಟೋ ಬೆಟ್ಟದ ಕಾಲುದಾರಿಗಳು ಆಳೆತ್ತರದ ಕೊರಕಲಾಗಿರುತ್ತವೆ, ಜನ ಅದನ್ನು ಬಿಟ್ಟು ಪಕ್ಕದ ಹುಲ್ಲುಗಾವಲಿನಲ್ಲಿ ನಡೆದು ಅಲ್ಲೂ ಹೊಸ ಕೊರಕಲು ಮಾಡುತ್ತಾರೆ. ಇಲ್ಲಿ ವರ್ಷಕ್ಕೆ ಸಾವಿರಾರು ಜನ ನಡೆದರೂ ದಾರಿ ದಾರಿಯಾಗಿ ಉಳಿದಿರುವುದು ಈ ಕಲ್ಲಿನ ಕೆಲಸದಿಂದ. ನಮ್ಮ ಕಡೆಯ ಚಾರಣದ ದಾರಿಗಳಿಗೂ ಇದನ್ನು ಮಾಡಬೇಕು. ಕಲ್ಲು ಇದೆ, ಕೆಲಸ ಗೊತ್ತಿದ್ದವರೂ ಇದ್ದಾರೆ.

ಕಾನಿಕ್ ಹಿಲ್‌ನಿಂದ ಬಾಲ್ಮಹಾ ಊರಿಗೆ ಇಳಿಯುವುದು ಕಡಿದು, ಮಂಡಿ ನೋವಿದ್ದವರು ಕೋಲು ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಸರೋವರದ ಪೂರ್ವ ದಡ ಹಿಡಿದು ರೋವರ್ಡೆನ್ನನ್.

ಈಗ ಆ ಎರಡು ಜಾಗಗಳಲ್ಲಿ ಮೊದಲನೆಯದು. ರೋವರ್ಡೆನ್ನನ್‌ನಿಂದ ಇನ್ವರಾರ್ನನ್‌ವರೆಗೆ ಸುಮಾರು 22 ಕಿಲೋಮೀಟರ್, ಪೂರ್ತಿ ಲಾಕ್ ಲೋಮಂಡ್ ದಡ. ನಕ್ಷೆಯಲ್ಲಿ ನೋಡಿದರೆ ಸರೋವರದ ಪಕ್ಕದ ದಾರಿ ಅಲ್ವಾ, ಆರಾಮ ಅನ್ನಿಸುತ್ತದೆ. ಎಲ್ಲರೂ ಹೆದರುವುದು ಮುಂದೆ ಬರುವ ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ಏರಿಗೆ, ಹೆಸರು ಹಾಗಿದೆ. ನಿಜವಾಗಿ ಕಷ್ಟ ಇರುವುದು ಇಲ್ಲಿ. ಇನ್ವರ್‌ಸ್ನೇಡ್ ದಾಟಿದ ಮೇಲಂತೂ ದಾರಿ ಅನ್ನುವುದು ಬಂಡೆ, ಬೇರು, ಮತ್ತೆ ಬಂಡೆ. ಕೆಲವು ಕಡೆ ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಊರಿ ಇಳಿಯಬೇಕು. ಮಳೆ ಬಂದರೆ ಬೇರುಗಳು ಸೋಪು ಹಚ್ಚಿದ ಹಾಗೆ ಜಾರುತ್ತವೆ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಇಲ್ಲಿ ಎರಡಕ್ಕೆ ಇಳಿಯುತ್ತಾರೆ. ಪಶ್ಚಿಮ ದಡದಲ್ಲಿ ದೊಡ್ಡ ರಸ್ತೆ ಕಾಣುತ್ತಿರುತ್ತದೆ, ಕಾರುಗಳ ಸದ್ದೂ ಕೇಳುತ್ತದೆ, ಆದರೆ ಈ ದಡದಲ್ಲಿ ಕಾಲು ಉಳುಕಿದರೆ ಫೋನ್ ನೆಟ್‌ವರ್ಕ್ ಕೂಡ ಎಲ್ಲ ಕಡೆ ಸಿಗಲ್ಲ.

ಆದರೆ ಎಂಥ ಕಾಡು ಅಂತೀರಿ! ಹಳೆಯ ಓಕ್ ಮರಗಳು, ಕೊಂಬೆಯ ತುಂಬ ಪಾಚಿ, ಮೇ ತಿಂಗಳಲ್ಲಿ ಅದರ ಕೆಳಗೆಲ್ಲ ನೀಲಿ ಬ್ಲೂಬೆಲ್ ಹೂವು. ಹೆಜ್ಜೆ ಹೆಜ್ಜೆಗೆ ಗುಡ್ಡದಿಂದ ಇಳಿದು ಸರೋವರಕ್ಕೆ ಸೇರುವ ಹಳ್ಳಗಳು. ಕಾಡು ಮೇಕೆಗಳಿವೆ, ಕಾಣುವ ಮೊದಲೇ ವಾಸನೆ ಬರುತ್ತದೆ. ಅಕ್ಕನಿಗೆ ಇದು ಆಗುಂಬೆ ಕಡೆಯ ಹಳ್ಳದ ದಂಡೆಯಲ್ಲಿ ನಡೆದಷ್ಟೇ ಸಲೀಸು, ನಾನೇ ಹಿಂದೆ ಬಿದ್ದೆ. ಈ ಜಾಗದಲ್ಲಿ ಕೂತು ನೀರಿಗೆ ಕಾಲು ಬಿಡಬೇಕು. ಒಂದೇ ದಿನದಲ್ಲಿ 22 ಕಿಲೋಮೀಟರ್ ದಾಟುವವರು ಕೂರುವುದೇ ಇಲ್ಲ. ನಮ್ಮನ್ನು ದಾಟಿ ಹೋದ ಒಂದು ಗುಂಪು ಸಂಜೆ ಊಟದ ಹೊತ್ತಿಗೆ ತಲುಪಬೇಕು ಅಂತ ಮುಖ ಮೇಲೆತ್ತದೆ ನಡೆಯುತ್ತಿತ್ತು. ಅದಕ್ಕೇ ಹೇಳುವುದು, ಇನ್ವರ್‌ಸ್ನೇಡ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ರೋವರ್ಡೆನ್ನನ್‌ನಿಂದ ಅಲ್ಲಿಗೆ 11 ಕಿಲೋಮೀಟರ್, ಮಾರನೇ ದಿನ ಮತ್ತೆ 11. ನಾವು ಹಾಗೇ ಮಾಡಿದೆವು. ಕಲ್ಲು ಬಂಡೆಯ ಭಾಗವನ್ನು ಬೆಳಗಿನ ಹೊತ್ತು, ದಣಿಯದ ಕಾಲಿನಲ್ಲಿ ದಾಟಬಹುದು, ಅದೇ ದೊಡ್ಡ ಲಾಭ. ದಾರಿಯಲ್ಲಿ ರಾಬ್ ರಾಯ್ ಗುಹೆ ಅಂತ ಬೋರ್ಡ್ ಇದೆ, ರಾಬ್ ರಾಯ್ ಅಂದರೆ ಇಲ್ಲಿನ ಕಥೆಗಳಲ್ಲಿ ಬರುವ ಹಳೆಯ ಕಾಲದ ದರೋಡೆಕೋರ. ಬಂಡೆಗಳ ನಡುವಿನ ಸಂದು ಅಷ್ಟೇ, ಬಿಟ್ಟರೂ ನಷ್ಟವಿಲ್ಲ.

ಟೆಂಟು ಹಾಕುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ ಎಲ್ಲೆಂದರಲ್ಲಿ ಟೆಂಟು ಹಾಕಬಹುದು ಅಂತ ಕೇಳಿರುತ್ತೀರಿ. ಲಾಕ್ ಲೋಮಂಡ್‌ನ ಈ ದಡದಲ್ಲಿ ಬಹಳಷ್ಟು ಕಡೆ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಅದಕ್ಕೆ ಪರ್ಮಿಟ್ ಬೇಕು, ಇಲ್ಲವೇ ಕ್ಯಾಂಪ್ ಸೈಟಿನಲ್ಲೇ ಉಳಿಯಬೇಕು. ನ್ಯಾಷನಲ್ ಪಾರ್ಕ್ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬಹುದು, ದುಬಾರಿ ಅಲ್ಲ. ದಡದಲ್ಲಿ ರೋಕೊಯಿಶ್, ಡೂನ್ ಬೈರ್ ಅಂತ ಎರಡು ಬೋಥಿಗಳಿವೆ. ಬೋಥಿ ಅಂದರೆ ಯಾರು ಬೇಕಾದರೂ ಪುಕ್ಕಟೆ ಮಲಗಬಹುದಾದ ಹಳೆಯ ಕಲ್ಲಿನ ಮನೆ. ಕರೆಂಟು, ನಲ್ಲಿ, ಹಾಸಿಗೆ ಏನೂ ಇರಲ್ಲ. ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಚೊಕ್ಕಟವಾಗಿ ಇಡುವುದು ನಮ್ಮ ಕೆಲಸ. ಮಳೆ ಜೋರಾದಾಗ ನಾವು ರೋಕೊಯಿಶ್‌ನಲ್ಲಿ ಕೂತು ಅವಲಕ್ಕಿ ತಿಂದೆವು.

ಲಗೇಜ್ ಸೇವೆ. ದಯವಿಟ್ಟು ತಗೊಳ್ಳಿ. ಇಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಬೆಳಿಗ್ಗೆ ನಿಮ್ಮ ದೊಡ್ಡ ಬ್ಯಾಗನ್ನು ಹೋಟೆಲಿನಲ್ಲಿ ಬಿಟ್ಟು ಹೊರಟರೆ, ಸಂಜೆ ಮುಂದಿನ ಊರಿನ ಹೋಟೆಲಿಗೆ ತಲುಪಿರುತ್ತದೆ. ಬೆನ್ನ ಮೇಲೆ ನೀರು, ಮಳೆ ಕೋಟು, ತಿಂಡಿ ಇಷ್ಟೇ. ಒಂದು ಬ್ಯಾಗಿಗೆ ಇಡೀ ದಾರಿಯ ಖರ್ಚು ಸೇರಿಸಿದರೂ ಇಬ್ಬರಿಗೆ ಒಂದು ರಾತ್ರಿಯ ರೂಮಿನ ಬಾಡಿಗೆಗಿಂತ ಕಮ್ಮಿ. ಪೂರ್ತಿ ಖರ್ಚಿನಲ್ಲಿ ನನಗೆ ಅತ್ಯಂತ ಸಾರ್ಥಕ ಅನ್ನಿಸಿದ್ದು ಇದೇ. ಹನ್ನೆರಡು ಕಿಲೋ ಹೊತ್ತುಕೊಂಡು ಲೋಮಂಡ್ ದಡದ ಬಂಡೆ ಇಳಿಯುತ್ತಿದ್ದವರ ಮುಖ ನೋಡಿದ ಮೇಲೆ ಇನ್ನೂ ಹಾಗನ್ನಿಸಿತು. ತೂಕದ ಮಿತಿ ಇರುತ್ತದೆ, ಬುಕ್ ಮಾಡುವಾಗ ನೋಡಿಕೊಳ್ಳಿ. ಇನ್ನೊಂದು, ಬ್ಯಾಗಿನೊಳಗೆ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒಂದು ಕಡೆ ನಮ್ಮ ಬ್ಯಾಗು ಒಳಗೆ ಹೋಗದೆ, ಬಾಗಿಲ ಹೊರಗೆ ಸೂರಿನಂಚಿನಲ್ಲಿ ಮಳೆಗೆ ಅರ್ಧ ನೆನೆದು ಕೂತಿತ್ತು. ತಂದವರು ಯಾರಿಗೂ ಹೇಳಿರಲಿಲ್ಲ, ಹೋಟೆಲಿನವರು ನೋಡಿರಲಿಲ್ಲ. ಅಕ್ಕನ ಒಂದು ಸ್ವೆಟರ್ ಮಾರನೇ ದಿನವೂ ಒಣಗಲಿಲ್ಲ. ಕೇಳಿದರೆ ಕಂಪನಿಯವರೂ ಹೋಟೆಲಿನವರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು, ಅದು ನನಗೆ ಸರಿ ಬರಲಿಲ್ಲ.

ಊಟಕ್ಕೆ ಬರೋಣ. ನಮ್ಮವರು ಮೊದಲು ಕೇಳುವುದೇ ಇದನ್ನು. ಸಸ್ಯಾಹಾರಿಗಳಿಗೆ ಉಪವಾಸ ಬೀಳಲ್ಲ, ಆದರೆ ಕೇಳಿ ಕೇಳಿ ತಿನ್ನಬೇಕು. ಲೆಂಟಿಲ್ ಸೂಪ್ ಅಂತ ಎಲ್ಲ ಕಡೆ ಸಿಗುತ್ತದೆ, ನೋಡಲು ನಮ್ಮ ತೊಗರಿ ಕಟ್ಟಿನ ತರ. ಸಂಪ್ರದಾಯದ ಪ್ರಕಾರ ಅದನ್ನು ಹಂದಿ ಮೂಳೆಯ ನೀರಿನಲ್ಲಿ ಬೇಯಿಸುತ್ತಾರೆ! ವೆಜಿಟೇರಿಯನ್ ಸ್ಟಾಕ್ ಹಾಕಿದ್ದೀರಾ ಅಂತ ಕೇಳಲೇಬೇಕು. ಚಿಪ್ಸ್ ಅಂಗಡಿಯಲ್ಲೂ ಅಷ್ಟೇ, ಕೆಲವರು ಪ್ರಾಣಿಯ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ನೇರವಾಗಿ ಹೇಳುತ್ತಾರೆ. ಧೈರ್ಯವಾಗಿ ತಿನ್ನಬೇಕಾದದ್ದು ವೆಜಿಟೇರಿಯನ್ ಹ್ಯಾಗಿಸ್. ಓಟ್ಸ್, ಬೇಳೆ, ಅಣಬೆ, ಬೀಜಗಳು ಹಾಕಿ ಮಾಡುತ್ತಾರೆ, ಕರಿಮೆಣಸಿನ ಖಾರ ಇರುತ್ತದೆ. ಪಕ್ಕದಲ್ಲಿ ಆಲೂಗಡ್ಡೆ ಮತ್ತು ಒಂದು ಜಾತಿಯ ಗೆಡ್ಡೆಯನ್ನು ಬೇಯಿಸಿ ಕಿವುಚಿ ಕೊಡುತ್ತಾರೆ. ದಿನವಿಡೀ ನಡೆದು ಬಂದ ಮೇಲೆ ಅದು ಹೊಟ್ಟೆಗೆ ಚೆನ್ನಾಗಿ ನಿಲ್ಲುತ್ತದೆ. ಅಕ್ಕ ಎರಡನೇ ಸಲ ಕೇಳಿ ಹಾಕಿಸಿಕೊಂಡ ಊಟ ಇದೊಂದೇ. ಬೆಳಗಿನ ಗಂಜಿ, ಅಂದರೆ ಪಾರಿಜ್, ಕೂಡ ಒಳ್ಳೆಯದು. ಉಪ್ಪು ಹಾಕಿಸಿಕೊಂಡರೆ ನಮ್ಮ ನಾಲಿಗೆಗೆ ಹತ್ತಿರ.

ಆದರೂ ಊಟಕ್ಕೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಾರಣ ರುಚಿ ಅಲ್ಲ, ಹೊತ್ತು. ಹಳ್ಳಿಯ ಹೋಟೆಲುಗಳಲ್ಲಿ ಅಡುಗೆಮನೆ ರಾತ್ರಿ ಬೇಗ ಮುಚ್ಚುತ್ತದೆ. ಒಂದು ಊರಿನಲ್ಲಿ ನಾವು ಹೋದಾಗ ಮುಚ್ಚಿ ಹತ್ತು ನಿಮಿಷ ಆಗಿತ್ತು, ಬೇರೆ ಅಂಗಡಿ ಹತ್ತಿರದಲ್ಲಿ ಇರಲಿಲ್ಲ, ಬ್ರೆಡ್ಡಾದರೂ ಕೊಡಿ ಅಂದರೂ ಕೊಡಲಿಲ್ಲ. ನಡೆದು ದಣಿದವರೇ ಗಿರಾಕಿಗಳಾಗಿರುವ ಜಾಗದಲ್ಲಿ ಅದು ಸರಿಯಲ್ಲ. ಆವತ್ತು ನಮ್ಮನ್ನು ಕಾಪಾಡಿದ್ದು ಅಕ್ಕನ ಡಬ್ಬಿ. ಇಲ್ಲಿನ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಹೆಚ್ಚುಕಮ್ಮಿ ಎಲ್ಲ ಕಡೆ ಇರುತ್ತದೆ. ತೆಳು ಅವಲಕ್ಕಿ, ಗೊಜ್ಜಿನ ಪುಡಿ, ಬಿಸಿನೀರು, ಮೇಲೆ ಶೇಂಗಾ ಚಟ್ನಿಪುಡಿ. ಊರಿನಿಂದ ಬರುವವರು ಇದನ್ನೆಲ್ಲ ತರಬಹುದು. ತುಪ್ಪ, ಪೇಡ, ಹಾಲಿನ ಪದಾರ್ಥ ಬ್ರಿಟನ್ ಒಳಗೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ.

ಇನ್ವರಾರ್ನನ್‌ನಿಂದ ಟಿಂಡ್ರಮ್‌ವರೆಗಿನ ಸುಮಾರು 20 ಕಿಲೋಮೀಟರ್ ನನಗೆ ಇಷ್ಟವಾಗಲಿಲ್ಲ. ಎ82 ಹೆದ್ದಾರಿ, ರೈಲು ಹಳಿ, ವಿದ್ಯುತ್ ತಂತಿ ಎಲ್ಲ ಒಂದೇ ಕಣಿವೆಯಲ್ಲಿ ಜೊತೆಜೊತೆಗೆ ಬರುತ್ತವೆ. ಒಂದು ಕಡೆ ರೈಲು ಹಳಿಯ ಕೆಳಗಿನ ದನಕುರಿ ದಾಟುವ ಗಿಡ್ಡ ಸುರಂಗದಲ್ಲಿ ಸೊಂಟ ಬಗ್ಗಿಸಿಕೊಂಡು ಹೋಗಬೇಕು. ಮಧ್ಯದಲ್ಲಿ ಕ್ರಿಯನ್‌ಲಾರಿಕ್, ಅರ್ಧ ದಾರಿ ಮುಗಿದ ಜಾಗ. ಟಿಂಡ್ರಮ್ ಹತ್ತಿರ ಡಾಲ್‌ರೀ ಬಯಲು ಬರುತ್ತದೆ, 1306ರಲ್ಲಿ ರಾಜ ರಾಬರ್ಟ್ ಬ್ರೂಸ್ ಸೋತು ತಪ್ಪಿಸಿಕೊಂಡು ಹೋದ ಜಾಗ. ಅವನ ಕಡೆಯವರು ಕತ್ತಿಗಳನ್ನು ಪಕ್ಕದ ಪುಟ್ಟ ಕೊಳಕ್ಕೆ ಎಸೆದರು ಅಂತ ಊರವರ ಕಥೆ. ಟಿಂಡ್ರಮ್‌ನಲ್ಲಿ ಗ್ರೀನ್ ವೆಲ್ಲಿ ಸ್ಟಾಪ್ ಅಂತ ಅಂಗಡಿ ಇದೆ, ಸಾಕ್ಸ್, ಪ್ಲಾಸ್ಟರ್, ಮಳೆ ಪ್ಯಾಂಟು, ಚಾಕೊಲೇಟು ಏನು ಬೇಕಾದರೂ ಸಿಗುತ್ತದೆ. ಮುಂದೆ ಎರಡು ದಿನ ಅಂಗಡಿ ಇಲ್ಲ ಅಂತಲೇ ಲೆಕ್ಕ ಹಾಕಿ ಇಲ್ಲಿ ತುಂಬಿಸಿಕೊಳ್ಳಿ. ಅಕ್ಕ ಊರಿನಿಂದ ತಂದ ಕೊಡೆಯನ್ನು ಬಿಟ್ಟು ಒಳ್ಳೆಯ ಮಳೆ ಕೋಟು ಕೊಂಡಿದ್ದೂ ಇಲ್ಲೇ. ಈ ಬಯಲಿನ ಗಾಳಿಗೆ ಯಾವ ಕೊಡೆಯೂ ನಿಲ್ಲಲ್ಲ.

ಎರಡನೆಯ ಜಾಗ ಇನ್ನು ಮುಂದೆ. ಏಳು ದಿನದ ಲೆಕ್ಕದವರು ಟಿಂಡ್ರಮ್‌ನಿಂದ ಕಿಂಗ್ಸ್‌ಹೌಸ್‌ವರೆಗೆ 30 ಕಿಲೋಮೀಟರನ್ನು ಒಂದೇ ದಿನ ಮುಗಿಸುತ್ತಾರೆ. ಬೇಡ. ಬ್ರಿಜ್ ಆಫ್ ಆರ್ಕಿ ದಾಟಿ ಇನ್ವರೋರನ್‌ನಲ್ಲಿ ನಿಲ್ಲಿ. ಅಲ್ಲಿರುವುದು ಒಂದು ಹಳೆಯ ಹೋಟೆಲು, ಒಂದು ಹಳ್ಳ, ಒಂದು ಸರೋವರ. ಆ ದಿನ ಬಲಕ್ಕೆ ಬೆನ್ ಡೋರೇನ್ ಬೆಟ್ಟ ನುಣ್ಣಗೆ, ಕಡಿದಾಗಿ ನಿಂತಿರುತ್ತದೆ, ಪಕ್ಕದಲ್ಲಿ ಸಣ್ಣ ರೈಲು ಹೋಗುತ್ತದೆ, ಮಧ್ಯಾಹ್ನಕ್ಕೆಲ್ಲ ಊರು ತಲುಪಿ ಬಟ್ಟೆ ಒಣಗಿಸಿಕೊಳ್ಳಬಹುದು.

ಮಾರನೇ ದಿನ ರಾನೋಕ್ ಮೂರ್ ಎಂಬ ದೊಡ್ಡ ಜೌಗು ಬಯಲಿನ ಅಂಚಿನಲ್ಲಿ ಸುಮಾರು 16 ಕಿಲೋಮೀಟರ್. ಮನೆ ಇಲ್ಲ, ಅಂಗಡಿ ಇಲ್ಲ, ಮರವೂ ತೀರಾ ಕಮ್ಮಿ. ಕಾಲ ಕೆಳಗೆ 19ನೇ ಶತಮಾನದ ಆರಂಭದಲ್ಲಿ ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ಮಾಡಿಸಿದ ರಸ್ತೆ, ದಪ್ಪ ಕಲ್ಲು ಕೂರಿಸಿದ್ದು, ಇವತ್ತಿಗೂ ಅಲುಗಾಡಿಲ್ಲ. ದನಗಳನ್ನು ದಕ್ಷಿಣದ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ ದಾರಿಯೂ ಇದೇ ಸೀಮೆಯದು. ಅಂಗಾಲಿಗೆ ಮಾತ್ರ ಕಷ್ಟ, ತೆಳ್ಳಗಿನ ಅಟ್ಟೆಯ ಶೂ ಹಾಕಿಕೊಂಡು ಬಂದವರು ಇಲ್ಲಿ ಕುಂಟುತ್ತಾರೆ. ಬಲಕ್ಕೆ ಕಣ್ಣು ಹಾಯಿಸಿದಷ್ಟೂ ಕಂದು ಬಣ್ಣದ ಜೌಗು, ಅದರ ತುಂಬ ಸಣ್ಣ ಸಣ್ಣ ಕೆರೆಗಳು. ಎಡಕ್ಕೆ ಬ್ಲ್ಯಾಕ್ ಮೌಂಟ್ ಬೆಟ್ಟಸಾಲು, ಮೇ ತಿಂಗಳಲ್ಲೂ ಸಂದಿಗಳಲ್ಲಿ ಸ್ವಲ್ಪ ಹಿಮ ಉಳಿದಿತ್ತು. ನಡುವೆ ಬಾ ಬ್ರಿಜ್ ಎಂಬ ಕಲ್ಲಿನ ಸೇತುವೆ, ಕೂರಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆ ಬಂತು, ಐದು ನಿಮಿಷಕ್ಕೆ ಬಿಸಿಲು ಬಂತು, ಮತ್ತೆ ಮಳೆ. ಮೋಡ ದೂರದಿಂದ ಬಯಲಿನ ಮೇಲೆ ನಡೆದು ಬರುವುದು ಕಾಣಿಸುತ್ತದೆ, ಕೋಟು ಹಾಕಿಕೊಳ್ಳಲು ಟೈಮ್ ಸಿಗುತ್ತದೆ. ಇಡೀ ದಾರಿಯಲ್ಲಿ ನಾನು ಮತ್ತೆ ಹೋಗಲೇಬೇಕು ಅಂದುಕೊಂಡಿರುವುದು ಈ ಹಾದಿಗೆ. ಆ ದಿನ ಮಂಜು ಕವಿದರೆ ಮಾತ್ರ ಗುಂಪಿನ ಜೊತೆ ನಡೆಯಿರಿ, ಆಸರೆ ಅನ್ನುವುದು ಎಲ್ಲೂ ಇಲ್ಲ.

ಬಯಲು ಮುಗಿಯುವ ಕಡೆ ಗ್ಲೆಂಕೋ ಕಣಿವೆಯ ಬಾಯಿಯಲ್ಲಿ ಬುಕೇಲ್ ಎಟಿವ್ ಮೋರ್ ಎದ್ದು ನಿಂತಿರುತ್ತದೆ. ಸಾವಿರ ಮೀಟರ್ ದಾಟಿದ ಬೆಟ್ಟ, ಬುಡದಿಂದ ತುದಿವರೆಗೆ ಬರೀ ಕಲ್ಲು. ಕಿಂಗ್ಸ್‌ಹೌಸ್ ಹೋಟೆಲಿನ ಸುತ್ತ ಸಂಜೆ ಕೆಂಪು ಜಿಂಕೆಗಳು ಬರುತ್ತವೆ, ತಿಂಡಿ ಹಾಕಬೇಡಿ.

ಮಾರನೇ ದಿನ ಡೆವಿಲ್ಸ್ ಸ್ಟೇರ್‌ಕೇಸ್. 18ನೇ ಶತಮಾನದಲ್ಲಿ ಸೈನ್ಯ ಮಾಡಿದ ರಸ್ತೆ, ಅಂಕುಡೊಂಕಾಗಿ ಹತ್ತುತ್ತದೆ. ತುದಿ ಸುಮಾರು 550 ಮೀಟರ್, ಇಡೀ ದಾರಿಯಲ್ಲಿ ಅತಿ ಎತ್ತರದ ಜಾಗ ಅದೇ. ಹೆದರುವಂಥದ್ದೇನಿಲ್ಲ, ನಿಧಾನವಾಗಿ ಹತ್ತಿದರೆ ಒಂದು ಗಂಟೆಯೂ ಬೇಡ. ಕಷ್ಟ ಆಚೆ ಕಡೆ ಕಿನ್‌ಲಾಕ್‌ಲೆವೆನ್‌ಗೆ ಇಳಿಯುವುದರಲ್ಲಿ. ಹತ್ತಿದ್ದನ್ನೆಲ್ಲ ಇಳಿದು, ಸಮುದ್ರ ಮಟ್ಟದವರೆಗೂ ಇಳಿಯುತ್ತಲೇ ಇರಬೇಕು. ಕೊನೆಯಲ್ಲಿ ಗುಡ್ಡದಿಂದ ಇಳಿದು ಬರುವ ದೊಡ್ಡ ಪೈಪುಗಳು ಕಂಡವು. ಅಕ್ಕ ನೋಡಿದ ತಕ್ಷಣ "ಕರೆಂಟಿನ ಪೈಪು ಅಲ್ವನೇ, ಜೋಗದಲ್ಲಿ ಇದ್ದ ಹಾಗೆ" ಅಂದಳು. ಸರಿಯಾಗಿಯೇ ಹೇಳಿದಳು. ಇಲ್ಲಿ 1909ರಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಶುರುವಾಯಿತು, ಅದಕ್ಕೆ ಮೇಲೆ ಬ್ಲ್ಯಾಕ್‌ವಾಟರ್ ಅಣೆಕಟ್ಟು ಕಟ್ಟಿ ನೀರು ಇಳಿಸಿದರು. ಕಾರ್ಖಾನೆ ಮುಚ್ಚಿ ವರ್ಷಗಳಾದವು, ವಿದ್ಯುತ್ ಈಗಲೂ ಬರುತ್ತದೆ.

ನುಸಿ. ಇಲ್ಲಿನವರು ಮಿಜ್ ಅನ್ನುತ್ತಾರೆ, ಸಾಸಿವೆಗಿಂತ ಸಣ್ಣದು, ಗಾಳಿ ನಿಂತ ಕೂಡಲೇ ಮುಖಕ್ಕೆ ಮುತ್ತಿಕೊಳ್ಳುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಾಟ, ಜುಲೈ ಆಗಸ್ಟ್‌ನಲ್ಲಿ ಅತಿ ಹೆಚ್ಚು. ಸ್ಮಿಜ್ ಅಂತ ಸ್ಪ್ರೇ ಸಿಗುತ್ತದೆ, ಅದು ಕೆಲಸ ಮಾಡುತ್ತದೆ. ತಲೆಗೆ ಹಾಕುವ ಬಲೆಯನ್ನೂ ಕೊಂಡುಕೊಳ್ಳಿ, ದುಬಾರಿ ಏನಲ್ಲ. ಅದಕ್ಕಿಂತ ಮುಖ್ಯವಾದದ್ದು ಉಣುಗು. ಜಿಂಕೆ ಓಡಾಡುವ ಜರೀಗಿಡ, ಹುಲ್ಲಿನಲ್ಲಿ ಇರುತ್ತದೆ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಶಿವಮೊಗ್ಗ ಜಿಲ್ಲೆಯವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ಅದು ನಮ್ಮ ಜೊತೆಗೇ ಇದೆ. ಅಕ್ಕ ಪ್ರತಿ ಸಂಜೆ ನನ್ನನ್ನು ಕೂರಿಸಿ ಮಂಡಿ ಹಿಂದೆ, ಸೊಂಟ, ಕಿವಿ ಹಿಂದೆ ಎಲ್ಲ ಹುಡುಕುತ್ತಿದ್ದಳು, ಒಂದು ಸಿಕ್ಕಿತು ಕೂಡ. ಕೈಯಿಂದ ಕೀಳಬೇಡಿ. ಅದಕ್ಕೆಂದೇ ಸಣ್ಣ ಕೊಕ್ಕೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕಚ್ಚಿದ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ದಾರಿ ತಪ್ಪುತ್ತದೆ ಅನ್ನುವ ಭಯ ಬೇಡ. ಕವಲು ಬಂದ ಕಡೆಯೆಲ್ಲ ಕಂಬ, ಅದರ ಮೇಲೆ ಆರು ಮೂಲೆಯ ಚೌಕಟ್ಟಿನೊಳಗೆ ಥಿಸಲ್ ಎಂಬ ಮುಳ್ಳುಗಿಡದ ಹೂವಿನ ಬಿಳಿ ಗುರುತು. ಗುರುತಿಗೆ ಮತ್ತು ದಾರಿಯ ಉಸ್ತುವಾರಿಗೆ ಐದಕ್ಕೆ ಐದು. ದಕ್ಷಿಣದಿಂದ ಉತ್ತರಕ್ಕೆ ನಡೆಯುವುದೇ ಸರಿ, ಗಾಳಿ ಬಿಸಿಲು ಹೆಚ್ಚು ಹೊತ್ತು ಬೆನ್ನಿಗಿರುತ್ತದೆ, ಬೆಟ್ಟಗಳೂ ದಿನೇ ದಿನೇ ದೊಡ್ಡದಾಗುತ್ತವೆ.

ಕೊನೆಯ ದಿನ ಕಿನ್‌ಲಾಕ್‌ಲೆವೆನ್‌ನಿಂದ ಫೋರ್ಟ್ ವಿಲಿಯಂಗೆ 24 ಕಿಲೋಮೀಟರ್. ಬೆಳಿಗ್ಗೆಯೇ ಏದುಸಿರು ಬರಿಸುವ ಏರು, ಆಮೇಲೆ ಲೇರಿಗ್ ಮೋರ್ ಎಂಬ ಉದ್ದನೆಯ ಕಣಿವೆ. ಅಲ್ಲಿ ಸೂರು ಹೋದ ಮನೆಗಳ ಬರೀ ಗೋಡೆ ನಿಂತಿವೆ. ಮುಂದೆ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, 1345 ಮೀಟರ್, ಪೂರ್ತಿ ಮೈ ತೋರಿಸುತ್ತದೆ, ಮೋಡ ಇಲ್ಲದಿದ್ದರೆ. ಕೊನೆಯ ಕೆಲವು ಕಿಲೋಮೀಟರ್ ಟಾರು ರಸ್ತೆ ಬದಿಯ ಫುಟ್‌ಪಾತ್, ಸಪ್ಪೆ. ದಾರಿ ಮೊದಲು ಊರ ಹೊರಗೇ ಮುಗಿಯುತ್ತಿತ್ತು, 2010ರಲ್ಲಿ ಪೇಟೆಯೊಳಗೆ ಗಾರ್ಡನ್ ಸ್ಕ್ವೇರ್‌ವರೆಗೆ ಎಳೆದರು. ಅಲ್ಲಿ ಬೆಂಚಿನ ಮೇಲೆ ಕಾಲು ಒತ್ತಿಕೊಳ್ಳುತ್ತ ಕೂತ ಮನುಷ್ಯನ ಕಂಚಿನ ಪ್ರತಿಮೆ ಇದೆ, ಎಲ್ಲರೂ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ.

ವಾಪಸ್ ಗ್ಲಾಸ್ಗೋಗೆ ರೈಲಿನಲ್ಲಿ ಬನ್ನಿ, ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ. ದಿನಕ್ಕೆ ಕೆಲವೇ ರೈಲು, ಸೀಟು ಮೊದಲೇ ಕಾಯ್ದಿರಿಸಿ. ರಾನೋಕ್ ಬಯಲಿನ ನಟ್ಟನಡುವೆ ಹೋಗುತ್ತದೆ, ನಡೆದಾಗ ಕಾಣದ ಭಾಗ ಕಾಣುತ್ತದೆ. ಕ್ರಿಯನ್‌ಲಾರಿಕ್, ಟಿಂಡ್ರಮ್, ಬ್ರಿಜ್ ಆಫ್ ಆರ್ಕಿ ಮೂರು ಕಡೆಯೂ ಇದೇ ರೈಲಿಗೆ ಸ್ಟೇಷನ್ ಇದೆ. ಹಾಗಾಗಿ ಮೈ ಹುಷಾರು ತಪ್ಪಿದರೆ ಮಧ್ಯದಲ್ಲಿ ಬಿಡಬಹುದು, ರಜೆ ಕಮ್ಮಿ ಇದ್ದವರು ಅರ್ಧ ದಾರಿ ಮಾತ್ರವೂ ನಡೆಯಬಹುದು. ಅರ್ಧ ಮಾತ್ರ ಅಂದರೆ ಟಿಂಡ್ರಮ್‌ನಿಂದ ಮುಂದಿನದನ್ನೇ ಆರಿಸಿಕೊಳ್ಳಿ.

ರೂಮು ಬುಕ್ ಮಾಡುವ ರೀತಿ ಹೇಳಿಬಿಡುತ್ತೇನೆ. ಮುಂದಿನ ಮೇ ತಿಂಗಳಿಗೆ ಹೋಗುವುದಾದರೆ ಈ ಚಳಿಗಾಲ ಮುಗಿಯುವುದರೊಳಗೆ ಬುಕ್ ಆಗಿರಬೇಕು. ಮೇ ಮೊದಲ ವಾರ ಫೋರ್ಟ್ ವಿಲಿಯಂ ಸುತ್ತ ಮೋಟಾರ್‌ಬೈಕ್ ಸ್ಪರ್ಧೆ ಇರುತ್ತದೆ, ಆ ವಾರ ಬೇಡ. ಮಲ್‌ಗೈಯಿಂದ ಶುರುಮಾಡಿ ಒಂದೊಂದೇ ಊರು ಬುಕ್ ಮಾಡುತ್ತ ಹೋದರೆ ಬಯಲಿನ ಹತ್ತಿರ ಬಂದಾಗ ಜಾಗ ಇರಲ್ಲ. ಮೊದಲು ಇನ್ವರೋರನ್, ಕಿಂಗ್ಸ್‌ಹೌಸ್, ಇನ್ವರ್‌ಸ್ನೇಡ್ ಮೂರಕ್ಕೆ ಫೋನ್ ಮಾಡಿ ತಾರೀಖು ಗಟ್ಟಿ ಮಾಡಿಕೊಳ್ಳಿ, ಅವು ಒಂಟಿ ಜಾಗಗಳು, ಪಕ್ಕದಲ್ಲಿ ಬೇರೆ ಹೋಟೆಲ್ ಇಲ್ಲ. ಉಳಿದ ಊರುಗಳನ್ನು ಆ ತಾರೀಖುಗಳಿಗೆ ಹೊಂದಿಸಿ. ಫೋನ್ ಮಾಡಿದಾಗಲೇ ರಾತ್ರಿ ಅಡುಗೆಮನೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಸಸ್ಯಾಹಾರ ಏನಿದೆ ಅಂತಲೂ ಕೇಳಿಬಿಡಿ.